ಕಂದುರೋಗವೂ ಧಾರೋಷ್ಣಕ್ಷೀರವೂ

ಹಸು, ಎಮ್ಮೆ, ಆಡು, ಕುರಿಗಳು ದಿನ ತುಂಬುವುದಕ್ಕೆ ಮೊದಲೇ ಗರ್ಭವನ್ನು ಚೆಲ್ಲುವುದಕ್ಕೆ ನಮ್ಮ ರೈತರು ‘ಕಂದು ಹಾಕುವುದು’ ಎನ್ನುವರು. ಇದಕ್ಕೆ ಕಾರಣಗಳು ಹಲವುಂಟು. ಅವುಗಳಲ್ಲಿ ಒಂದು, ಪಶುವಿನಿಂದ ಪಶುವಿಗೆ ಅಂಟುವ ರೋಗ. ಪಶುವೈದ್ಯರು ಇದನ್ನು ಕಂದುರೋಗವೆಂದೂ, ಪಾಶ್ಚಾತ್ಯವೈದ್ಯರು ಬ್ರುಸೆಲ್ಲೋಸಿಸ್ ಎಂದೂ ಕರೆಯುವರು. ಹೆಸರನ್ನು ಕೇಳಿದವರು ಇದು ಕೊಟ್ಟಿಗೆಯ ರೋಗವೆಂದೇ ತಿಳಿಯುವರು. ಮನೆಯೊಳಗಿನ ಮನುಷ್ಯನಿಗೂ ಇದು ಬರುವುದೆಂಬುದು ಆ ಹೆಸರಿನಿಂದ ತೋರದು. ಇದರ ಕಾರಣವು ತಿಳಿದುಬಂದ ಬಗೆಯನ್ನೂ, ನಮ್ಮ ವೈದ್ಯಗ್ರಂಥಗಳು ಹೊಗಳಿರುವ ಧಾರೋಷ್ಣಕ್ಷೀರಕ್ಕೂ ಇದಕ್ಕೂ ಇರುವ ಸಂಬಂಧವನ್ನೂ ಇಲ್ಲಿ ವಿವರಿಸಲಾಗುವುದು.

ಮೆಡಿಟರೇನಿಯನ್ ಸಮುದ್ರದ ಮಾಲ್ಟಾ ದ್ವೀಪದಲ್ಲಿದ್ದ ಇಂಗ್ಲಿಷ್ ಸಿಪಾಯಿಗಳನ್ನು ದೀರ್ಘಕಾಲದ ಒಂದು ಜ್ವರವು ಬಹುವಾಗಿ ಪೀಡಿಸುತ್ತಿದ್ದಿತು. ಸೈನ್ಯದ ವೈದ್ಯನಾದ ಡೇವಿಡ್ ಬ್ರೂಸನು ಈ ಜ್ವರದಿಂದ ಸತ್ತವರ ಗುಲ್ಮದಲ್ಲಿ ಅತಿಸೂಕ್ಷ್ಮವಾದ ರೋಗಾಣುವೊಂದನ್ನು ಕಂಡು 1887ರಲ್ಲಿ ಪ್ರಕಟಿಸಿದನು. ಕಾರಣವು ತಿಳಿಯಿತು, ಆದರೆ ಅದು ದೇಹವನ್ನು ಸೇರುವ ದಾರಿ ತಿಳಿಯಲಿಲ್ಲ. 1905ರಲ್ಲಿ ಆ ದ್ವೀಪದವನೇ ಆದ ಥೆಮಿಸ್ಟೊಕ್ಲಿಸ್ ಜಮ್ಮಿತ್ ಎಂಬ ವೈದ್ಯನು ಆಡುಗಳ ರಕ್ತವನ್ನು ಪರೀಕ್ಷಿಸಿ, ನೋಡುವುದಕ್ಕೆ ಆರೋಗ್ಯವಾಗಿದ್ದ ಆಡುಗಳಲ್ಲಿಯೇ ರೋಗದ ಗುರುತನ್ನು ಕಂಡನು. ಅವುಗಳಲ್ಲಿ ಕೆಲವು ಹಾಲಿನಲ್ಲಿಯೂ ರೋಗಾಣುವನ್ನು ಸುರಿಸುತ್ತಿದ್ದುವು. ಈತನು ತನ್ನ ನಾಡಿನ ಪ್ರಾಚೀನ ದೇವಾಲಯಗಳನ್ನು ಅಗೆದು ಶೋಧಿಸಿದ ಪುರಾತತ್ತ್ವಜ್ಞನೂ ಹೌದೆಂಬುದು ವಾಚಕರಿಗೆ ಸಂತೋಷವನ್ನುಂಟುಮಾಡಬಹುದು.

1906ರಲ್ಲಿ ಸಿಪಾಯಿಗಳಿಗೆ ಆಡಿನ ಹಾಲನ್ನು ಕೊಡುವುದನ್ನು ನಿಲ್ಲಿಸಲಾಯಿತು; ಅವರಲ್ಲಿ ಜ್ವರವು ಬೇಗನೆ ಇಳಿದುಹೋಯಿತು. ಊರಿನ ಜನರು ಹಸಿಯ ಹಾಲನ್ನು ಬಿಡಲಿಲ್ಲ. ಅವರಲ್ಲಿ ಜ್ವರವೂ ಬಿಡಲಿಲ್ಲ. ಹಾಲಿದ್ದಲ್ಲಿ ಜ್ವರ, ಹಾಲಿಲ್ಲದಲ್ಲಿ ಜ್ವರವಿಲ್ಲ. ತಾರ್ಕಿಕರು ಹೇಳುವ ಅನ್ವಯವ್ಯತಿರೇಕಗಳಿಗೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಬೇಕಿಲ್ಲ. ಡೆನ್ಮಾರ್ಕಿನ ಬ್ಯಾಂಗ್ ಎಂಬಾತನು 1897ರಲ್ಲಿ ಹಸುಗಳು ಕಂದು ಹಾಕುವುದಕ್ಕೆ ಕಾರಣವಾದ ರೋಗಾಣುವನ್ನು ಬೇರೆಯಾಗಿ ಕಂಡುಹಿಡಿದಿದ್ದನು. ಇವೆರಡೂ ಹತ್ತಿರದ ದಾಯಾದಿಗಳೆಂದು ಅಮೆರಿಕದ ಆಲಿಸ್ ಇವಾನ್ಸ್ ಎಂಬ ವಿದುಷಿಯು 1918ರಲ್ಲಿ ತೋರಿಸಿದಳು. ಬ್ರೂಸನ ನೆನಪಿಗಾಗಿ ಈ ಕುಲಕ್ಕೆ ಬ್ರುಸೆಲ್ಲಾ ಎಂಬ ಹೆಸರು ಬಂದಿತು.

ಮನುಷ್ಯನಿಗೆ ಇದು ಮುಖ್ಯವಾಗಿ ಎರಡು ದಾರಿಗಳಿಂದ ಬರುವುದು. ಕಾಯಿಸದ ಹಾಲು ಮತ್ತು ಅದರಿಂದ ಮಾಡಿದ ಪದಾರ್ಥಗಳ ಸೇವನೆ ಒಂದು. ಕಂದು ಹಾಕಿದ ಪಶುವಿನ ಕರು, ಮಾಸು, ಸ್ರಾವಗಳನ್ನು ಬರಿಗೈಯಿಂದ ಮುಟ್ಟುವುದು ಎರಡನೆಯದು. ಕೈಯಲ್ಲಿ ಸಣ್ಣ ಗಾಯವಿದ್ದರೂ ಸಾಕು. ಮನುಷ್ಯನಿಂದ ಮನುಷ್ಯನಿಗೆ ಅಂಟುವುದು ಅತಿವಿರಳ. ಸಾಮಾನ್ಯವಾಗಿ ಕೆಲವು ವಾರಗಳ ತರುವಾಯ ಜ್ವರ, ರಾತ್ರಿಯಲ್ಲಿ ಬಟ್ಟೆ ತೊಯ್ಯುವಷ್ಟು ಬೆವರು, ಕೀಲುನೋವು, ಸೊಂಟನೋವು, ಬಹಳ ನಿಶ್ಶಕ್ತಿ ಇವು ತೋರುವುವು. ಜ್ವರವು ಅಲೆಯಂತೆ ಏರಿ ಇಳಿದು ಮರಳಿ ಏರುವುದರಿಂದ ವಿಷಮಜ್ವರವೆಂದೋ ಕ್ಷಯವೆಂದೋ ಭ್ರಾಂತಿಯುಂಟಾಗುವುದು. ಅಲಕ್ಷ್ಯಮಾಡಿದರೆ ಬೆನ್ನೆಲುಬಿನ ಕೀಲುಗಳು ಕೆಡುವುವು, ಗಂಡಸರಲ್ಲಿ ವೃಷಣಗಳು ಊದುವುವು, ಬಸುರಿಯರಿಗೆ ಗರ್ಭಪಾತವಾಗಬಹುದು. ಹೃದಯದ ಕವಾಟಗಳನ್ನು ಹಿಡಿದರೆ ಪ್ರಾಣಾಪಾಯವೂ ಉಂಟು. ಔಷಧವಿದೆ, ಸಾಮಾನ್ಯವಾಗಿ ಎರಡು ಮದ್ದುಗಳನ್ನು ಕೂಡಿಸಿ ಆರು ವಾರಗಳವರೆಗೆ ಸೇವಿಸಬೇಕು. ಜ್ವರವಿಳಿಯಿತೆಂದು ನಡುವೆ ಬಿಟ್ಟವರಿಗೆ ರೋಗವು ಮರುಕಳಿಸುವುದು. ಆದುದರಿಂದ ಜ್ವರವು ಬಿಡದಿದ್ದಾಗ ತಾನು ದನಕುರಿಗಳ ಸಂಗಡ ಇರುವವನೆಂಬುದನ್ನು ರೋಗಿಯು ತಾನಾಗಿಯೇ ವೈದ್ಯನಿಗೆ ತಿಳಿಸತಕ್ಕದ್ದು.

ಇನ್ನು ಶಾಸ್ತ್ರವಿಚಾರ. ಕರೆದೊಡನೆ ಬೆಚ್ಚಗಿರುವ ಧಾರೋಷ್ಣಕ್ಷೀರವನ್ನು ಆಯುರ್ವೇದಗ್ರಂಥಗಳು ಕೊಂಡಾಡುವುವು. ಈ ಮಾತನ್ನು ಹಿಡಿದು ಮಕ್ಕಳಿಗೆ ಕೆಚ್ಚಲಿನ ಹಾಲನ್ನು ಹಾಗೆಯೇ ಕುಡಿಸುವವರು ಈಗಲೂ ಇರುವರು. ಆದರೆ ಆ ಸುಶ್ರುತನೇ ಹಸಿಯ ಹಾಲು ಗುರುವೆಂದೂ ಕಾಯಿಸಿದ ಹಾಲು ಲಘುವೆಂದೂ ಹೇಳಿರುವನು. ಧಾರೋಷ್ಣದ ಪ್ರಶಂಸೆಯು ಗುಣದ ಮಾತು. ರೋಗವಿಲ್ಲದ ಹಸುವಿಗೆ ಸಲ್ಲುವ ಮಾತು. ಇಲ್ಲಿಯ ತೊಡಕೇನೆಂದರೆ, ರೋಗವುಳ್ಳ ಹಸುವು ಸಾಮಾನ್ಯವಾಗಿ ಒಂದು ಸಲ ಕಂದು ಹಾಕಿ, ಮುಂದೆ ದಿನ ತುಂಬಿದ ಕರುಗಳನ್ನೇ ಈಯಬಹುದು. ಮೈ ತುಂಬಿಕೊಂಡು ಹಾಲನ್ನೂ ಕೊಡುವುದು. ಆ ಹಾಲಿನಲ್ಲಿ ರೋಗಾಣುವು ಇಳಿಯುತ್ತಲೇ ಇರಬಹುದು. ಕಣ್ಣಿಗೆ ಕಾಣದ ದೋಷವನ್ನು ಪ್ರತ್ಯಕ್ಷದಿಂದ ನಿರ್ಣಯಿಸಲಾಗದು. ಹಾಲು ಉಕ್ಕಿಬರುವಂತೆ ಕಾಯಿಸಿದರೆ ಆ ರೋಗಾಣುವು ಸಾಯುವುದು. ಕಾಯಿಸಿ ಹೆಪ್ಪುಹಾಕುವ ನಮ್ಮ ಹೆಂಗಸರ ವಾಡಿಕೆಯು ಎಷ್ಟೋ ಮನೆಗಳನ್ನು ಕಾಪಾಡಿರುವುದು. ಹೀಗಿರಲು ಧಾರೋಷ್ಣಪಾನವನ್ನು ಬಿಡುವುದು ಶಾಸ್ತ್ರದ್ರೋಹವಲ್ಲ. ಆರೋಗ್ಯವೆಂಬ ಶಾಸ್ತ್ರದ ಪ್ರಯೋಜನವನ್ನೇ ಉಳಿಸಿಕೊಂಡಂತೆ.

ಕೊಟ್ಟಿಗೆಯಲ್ಲಿಯೂ ಎಚ್ಚರವು ಬೇಕು. ಮಾಸನ್ನು ತಿಪ್ಪೆಗೆ ಎಸೆಯುವುದೂ ಮರಕ್ಕೆ ಕಟ್ಟುವುದೂ ಕೆಲವೆಡೆಗಳಲ್ಲಿ ರೂಢಿಯಾಗಿರುವುದು. ನಾಯಿಗಳು ಅದನ್ನು ಎಳೆದಾಡಿ ರೋಗವನ್ನು ಹರಡುವುವು. ಅದನ್ನು ಕೈಚೀಲವನ್ನು ತೊಟ್ಟು ತೆಗೆದು, ಆಳವಾಗಿ ಹೂಳಿ, ಸುಣ್ಣವನ್ನು ಹಾಕಬೇಕು. ಕಂದು ಹಾಕಿದ ಪಶುವನ್ನು ಬೇರೆ ಕಟ್ಟಿ ರಕ್ತಪರೀಕ್ಷೆಯನ್ನು ಮಾಡಿಸಬೇಕು. ಭಾರತ ಸರ್ಕಾರವು 2019ರಲ್ಲಿ ಆರಂಭಿಸಿದ ಪಶುರೋಗನಿಯಂತ್ರಣ ಯೋಜನೆಯಲ್ಲಿ, ನಾಲ್ಕರಿಂದ ಎಂಟು ತಿಂಗಳೊಳಗಿನ ಹೆಣ್ಣುಗರುಗಳಿಗೆ ಇದರ ಲಸಿಕೆಯನ್ನು ಹಾಕುವ ಏರ್ಪಾಡಿದೆ.

ಕಡೆಯದಾಗಿ ಒಂದು ಮಾತು. ಕಂದು ಹಾಕಿದ ಹಸುವನ್ನು ಆ ಸಂಗತಿಯನ್ನು ಮುಚ್ಚಿ ಸಂತೆಗೆ ಹೊಡೆಯುವುದುಂಟು. ಮಾರಿದವನ ನಷ್ಟವು ತೀರುವುದು. ಕೊಂಡವನ ಕೊಟ್ಟಿಗೆಗೂ ಅವನ ಮಕ್ಕಳ ಲೋಟಕ್ಕೂ ರೋಗವು ಹೋಗುವುದು. ಲಸಿಕೆಯನ್ನು ಸರ್ಕಾರವು ಕೊಡಬಲ್ಲದು. ಈ ಸತ್ಯವನ್ನು ಹೇಳಬೇಕಾದವನು ದನದ ಯಜಮಾನನೇ.