ಹೊಳೆದದ್ದು ಸಿಲಿಕಾನೋ, ಅದರ ಹೊದಿಕೆಯೋ?

ಕಂಪ್ಯೂಟರಿನ ಚಿಪ್, ಮನೆಯ ಮೇಲಿನ ಸೌರಫಲಕ, ಎರಡರ ಜೀವಾಳವೂ ಸಿಲಿಕಾನ್. ಆದರೆ ಟೀವಿಯ ಮೂಲೆಯಲ್ಲಿ ಮಿನುಗುವ ಪುಟ್ಟ ಕೆಂಪು ಎಲ್ಇಡಿ ದೀಪ ಸಿಲಿಕಾನಿನದಲ್ಲ. ಅದು ಗ್ಯಾಲಿಯಂ ಸಂಯುಕ್ತಗಳ ಕೊಡುಗೆ. ಲೆಕ್ಕದಲ್ಲಿ ಇಷ್ಟು ಚುರುಕಾದ ಸಿಲಿಕಾನ್, ಬೆಳಕು ಬೀರುವ ಪಾಠದಲ್ಲಿ ಮಾತ್ರ ಹಿಂದಿನ ಬೆಂಚು. ಕೊಟ್ಟ ಶಕ್ತಿಯ ಬಹುಪಾಲನ್ನು ಅದು ಶಾಖವಾಗಿ ಕಳೆದುಬಿಡುತ್ತದೆ. ಅಷ್ಟಿಷ್ಟು ಹೊಮ್ಮುವುದೂ ಕಣ್ಣಿಗೆ ಕಾಣದ ಅವಕೆಂಪು ಕಿರಣ.

ಹೀಗಿರುವಾಗ 1990ರಲ್ಲಿ ಇಂಗ್ಲೆಂಡಿನ ಮಾಲ್ವರ್ನ್‌ನಲ್ಲಿದ್ದ ರಕ್ಷಣಾ ಸಂಶೋಧನಾಲಯದ ಲೀ ಕ್ಯಾನ್‌ಹ್ಯಾಮ್ ಸೋಜಿಗದ ಸುದ್ದಿಯೊಂದನ್ನು ಪ್ರಕಟಿಸಿದರು. ಸಿಲಿಕಾನ್ ಬಿಲ್ಲೆಯನ್ನು ಹೈಡ್ರೋಫ್ಲೋರಿಕ್ ಆಮ್ಲದಲ್ಲಿಟ್ಟು ವಿದ್ಯುತ್ ಹರಿಸಿದರೆ ಅದರ ಮೈ ಗೆದ್ದಲು ತಿಂದ ಮರದಂತಾಗುತ್ತದೆ. (ಗಾಜನ್ನೇ ಕರಗಿಸುವ ಘಾತುಕ ಆಮ್ಲವಿದು. ಮನೆಯಲ್ಲಿ ಮಾಡಿ ನೋಡುವ ಪ್ರಯೋಗ ಖಂಡಿತ ಅಲ್ಲ.) ಕೊನೆಗೆ ಉಳಿಯುವ ಎಳೆಗಳು ಕೆಲವೇ ನ್ಯಾನೊಮೀಟರ್ ದಪ್ಪ, ಅಂದರೆ ಮಿಲಿಮೀಟರಿನ ಹತ್ತು ಲಕ್ಷ ಪಾಲಿನಲ್ಲಿ ಕೆಲವೇ ಪಾಲು. ಇದರ ಮೇಲೆ ಲೇಸರ್ ಬಿಟ್ಟಾಗ ಸಿಲಿಕಾನ್ ಕೆಂಪಗೆ ಹೊಳೆಯಿತು!

ಇಕ್ಕಟ್ಟಿನಲ್ಲಿ ಸಿಲುಕಿದ ಎಲೆಕ್ಟ್ರಾನುಗಳ ನಡತೆಯೇ ಬದಲಾಗುತ್ತದೆ, ಹೊಳಪಿಗೆ ಅದೇ ಕಾರಣ ಎಂದರು ಕ್ಯಾನ್‌ಹ್ಯಾಮ್. 1992ರಲ್ಲಿ ಜರ್ಮನಿಯ ಸ್ಟುಟ್‌ಗಾರ್ಟ್‌ನ ವಿಜ್ಞಾನಿಗಳು ಬೇರೆಯೇ ವಾದ ಹೂಡಿದರು. ಹೊಳೆಯುತ್ತಿರುವುದು ಸಿಲಿಕಾನ್ ಅಲ್ಲ. ಅದರ ಮೈಮೇಲೆ ಹುಟ್ಟಿಕೊಂಡ ಸಿಲಾಕ್ಸೀನ್ ಎಂಬ, ಆಮ್ಲಜನಕ ಮತ್ತು ಜಲಜನಕ ಬೆರೆತ ಸಂಯುಕ್ತ ಎಂದರು. ಇದು ಬರಿಯ ಪಂಡಿತರ ಜಗಳವಲ್ಲ. ಹೊಳೆದದ್ದು ಸಿಲಿಕಾನೇ ಆಗಿದ್ದರೆ ಚಿಪ್‌ನೊಳಗೇ ದೀಪ ಹಚ್ಚುವ, ಎಳೆಯ ದಪ್ಪ ಬದಲಿಸಿ ಬಣ್ಣ ಬದಲಿಸುವ ಆಸೆಗೆ ಆಧಾರವಿತ್ತು.

ಲೇಸರ್ ಎಲ್ಲ ಪದರಗಳನ್ನೂ ಒಟ್ಟಿಗೆ ಎಬ್ಬಿಸುತ್ತದೆ. ಬೇಕಾದದ್ದು ಮೇಷ್ಟರು ಹಾಜರಿ ಕರೆಯುವಂತೆ ಒಬ್ಬೊಬ್ಬರನ್ನೇ ಹೆಸರು ಹಿಡಿದು ಕರೆಯುವ ಉಪಾಯ. ಅದಕ್ಕೆ ಒದಗಿದ್ದು ಸಿಂಕ್ರೊಟ್ರಾನ್. ಅದರಲ್ಲಿ ಬೆಳಕಿನ ವೇಗದ ಸನಿಹಕ್ಕೆ ಓಡುವ ಎಲೆಕ್ಟ್ರಾನುಗಳನ್ನು ಅಯಸ್ಕಾಂತಗಳು ಬಾಗಿಸುತ್ತವೆ. ಪ್ರತಿ ತಿರುವಿನಲ್ಲೂ, ಸೈಕಲ್ ಚಕ್ರದಿಂದ ಕೆಸರು ಸಿಡಿದಂತೆ, ಪ್ರಖರ ಕಿರಣಗಳು ನೇರಕ್ಕೆ ಚಿಮ್ಮುತ್ತವೆ. ಅವುಗಳಿಂದ ಬೇಕಾದ ಶಕ್ತಿಯ ಕ್ಷ-ಕಿರಣವನ್ನಷ್ಟೇ ಹರಳುಗಳ ನೆರವಿನಿಂದ ಆರಿಸಿಕೊಳ್ಳಬಹುದು, ರೇಡಿಯೋ ತಿರುಪು ತಿರುಗಿಸಿ ಸ್ಟೇಷನ್ ಹಿಡಿದಂತೆ.

ಸಿಲಿಕಾನ್ ಪರಮಾಣುವಿನ ತೀರ ಒಳಗಿನ ಎಲೆಕ್ಟ್ರಾನನ್ನು ಕದಲಿಸಲು ಸುಮಾರು 1,840 ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಬೇಕು. ಅದೇ ಸಿಲಿಕಾನ್ ಆಕ್ಸೈಡ್ ಆಗಿದ್ದರೆ ಇನ್ನೂ ಏಳೆಂಟು ವೋಲ್ಟ್ ಹೆಚ್ಚು. ವ್ಯತ್ಯಾಸ ಚಿಕ್ಕದು, ಗುರುತಿಗೆ ಸಾಕು. ಕ್ಷ-ಕಿರಣದ ಶಕ್ತಿಯನ್ನು ಮೆಲ್ಲನೆ ಏರಿಸುತ್ತ, ಯಾವ ಹಂತದಲ್ಲಿ ಹೊಳಪು ಬದಲಾಗುತ್ತದೆ ಎಂದು ನೋಡಬೇಕು. ಯಾರ ಹೆಸರಿಗೆ ಉತ್ತರ ಬಂತೋ ಬೆಳಕು ಅವರದು.

ಕೆನಡಾದ ವೆಸ್ಟರ್ನ್ ಒಂಟಾರಿಯೊ ವಿಶ್ವವಿದ್ಯಾಲಯದ ಟಿ. ಕೆ. ಶಾಮ್ ಮತ್ತು ಸಂಗಡಿಗರು ತೂತು ಸಿಲಿಕಾನ್, ಸಿಲಾಕ್ಸೀನ್ ಎರಡನ್ನೂ ಹೀಗೆ ಪರೀಕ್ಷಿಸಿ 1993ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಫಲಿತಾಂಶ ಪ್ರಕಟಿಸಿದರು. ಎರಡರ ಉತ್ತರ ಬೇರೆ ಬೇರೆ. ಹೊಳಪಿಗೆ ಸಿಲಾಕ್ಸೀನ್ ಕಾರಣವಲ್ಲ, ಕ್ಯಾನ್‌ಹ್ಯಾಮ್ ವಾದಕ್ಕೇ ಬಲ ಹೆಚ್ಚು ಎಂದಾಯಿತು. ಹಾಗೆಂದು ಹೊದಿಕೆ ಪೂರ್ಣ ನಿರಪರಾಧಿಯೂ ಅಲ್ಲ. ಸಿಲಿಕಾನ್ ನ್ಯಾನೊ ತಂತಿಗಳನ್ನು ಮುಂದೆ ಇದೇ ವಿಧಾನದಿಂದ ಪರೀಕ್ಷಿಸಿದಾಗ, ಅವುಗಳ ನೀಲಿ ಬೆಳಕು ಆಕ್ಸೈಡ್ ಪದರದ್ದೆಂದು ತಿಳಿಯಿತು.

ತೂತು ಸಿಲಿಕಾನ್ ದೀಪ ಮಾತ್ರ ಅಂಗಡಿಗೆ ಬರಲಿಲ್ಲ. ಅದು ಬಲು ಪೆಡಸು, ಗಾಳಿ ತಾಗಿದರೆ ಗುಣ ಬದಲಿಸುತ್ತದೆ. ಪತ್ತೇದಾರಿ ಮಾಡಿದ ವಿಧಾನವೇ ಹೆಚ್ಚು ಬಾಳಿತು ಎನ್ನಬೇಕು. ಅಂಥ ಕಿರಣಕ್ಕಾಗಿ ನಮ್ಮ ವಿದ್ಯಾರ್ಥಿಗಳು ವಿದೇಶಕ್ಕೇ ಹೋಗಬೇಕಿಲ್ಲ. ಇಂದೋರಿನ ರಾಜಾ ರಾಮಣ್ಣ ಕೇಂದ್ರದಲ್ಲಿ 172 ಮೀಟರಿಗೂ ಮಿಗಿಲಾದ ಸುತ್ತಳತೆಯ ಇಂಡಸ್-2 ಇದೆ. ಅದರ ಕಿರಣಗಳ ಬಳಕೆಗೆ ವಿಶ್ವವಿದ್ಯಾಲಯಗಳ ಸಂಶೋಧಕರೂ ಅರ್ಜಿ ಹಾಕಬಹುದು.