ಬ್ರೇಕ್ ಚೀರಿದರೆ ಎಣ್ಣೆ ಬಿಡಬೇಡಿ!

ಸುಗ್ಗಿಯ ದಿನಗಳಲ್ಲಿ ವಳಕಮದಿನ್ನಿಯ ಸೋದರಮಾವನ ಮನೆಗೆ ಹೋಗಿದ್ದೆ. ಭತ್ತದ ಕಟಾವು ನಡೆದಿತ್ತು. ಟ್ರ್ಯಾಕ್ಟರ್ ಗಾಲಿಗಳಿಂದ ಉದುರಿದ ಎರೆಮಣ್ಣಿನ ಹೆಂಟೆಗಳು ರಸ್ತೆಯ ಮೇಲೆಲ್ಲ ಒಣಗಿ ಧೂಳಾಗಿದ್ದವು. ಮಸ್ಕಿಗೆ ಹೋಗಿಬಂದ ಮಾವನ ಹಳೆಯ ಕಾರು ಮನೆಯ ಮುಂದೆ ನಿಲ್ಲುವಾಗ ಎಷ್ಟು ಜೋರಾಗಿ ಚೀರಿತೆಂದರೆ, ಕಟ್ಟೆಯ ಮೇಲೆ ಓದುತ್ತ ಕುಳಿತಿದ್ದ ಅವರ ಮಗ ಎರಡೂ ಕಿವಿ ಮುಚ್ಚಿಕೊಂಡ.

“ಕೀಲಿಗೆ ಎಣ್ಣಿ ಇಲ್ಲಂದ್ರ ಬಂಡಿ ಚೀರತೈತಿ. ಇದೂ ಹಂಗ. ಒಂದೀಟು ಎಣ್ಣಿ ಬಿಡೋ ತಮ್ಮಾ” ಎಂದರು ಮಾವ. ಹುಡುಗ ಡಬ್ಬಿ ತರಲು ಎದ್ದೇ ಬಿಟ್ಟ. ಪುಣ್ಯಕ್ಕೆ, ಪಕ್ಕದ ಮನೆಯ ಟ್ರ್ಯಾಕ್ಟರ್ ರಿಪೇರಿಗೆ ಬಂದಿದ್ದ ಮೆಕ್ಯಾನಿಕ್ ಈ ಮಾತು ಕೇಳಿಸಿಕೊಂಡ. “ಎಣ್ಣಿ ಬಿಟ್ರ ಗಾಡಿ ಚೀರಂಗಿಲ್ರೀ ಯಜಮಾನ್ರ. ಆದ್ರ ನಿಲ್ಲಂಗೂ ಇಲ್ಲ!”

ಆ ಒಂದೇ ಮಾತಿನಲ್ಲಿ ಬ್ರೇಕಿನ ಇಡೀ ವಿಜ್ಞಾನವಿದೆ. ಬಂಡಿಯ ಅಚ್ಚಿನಲ್ಲಿ ನಮಗೆ ಘರ್ಷಣೆ ಬೇಡ, ಅದಕ್ಕೇ ಕೀಲೆಣ್ಣೆ. ಬ್ರೇಕಿನಲ್ಲಿ ನಮಗೆ ಬೇಕಾದದ್ದೇ ಘರ್ಷಣೆ.

ಒಂದು ಲೀಟರ್ ನೀರಿನ ಲೆಕ್ಕ

ವಿದ್ಯಾರ್ಥಿಗಳು ಈ ಲೆಕ್ಕ ಮಾಡಿ ನೋಡಬಹುದು. ಸಾವಿರ ಕಿಲೋ ತೂಕದ ಕಾರು ಗಂಟೆಗೆ 60 ಕಿ.ಮೀ. ವೇಗದಲ್ಲಿದ್ದರೆ ಅದರ ಚಲನಶಕ್ತಿ ಸುಮಾರು 1 ಲಕ್ಷ 39 ಸಾವಿರ ಜೂಲ್. ಕಾರು ನಿಲ್ಲಬೇಕಾದರೆ ಇದರಲ್ಲಿ ಬಹುಪಾಲು ಬ್ರೇಕಿನಲ್ಲಿ ಶಾಖವಾಗಬೇಕು. ಅಷ್ಟು ಶಾಖದಿಂದ ಒಂದು ಲೀಟರ್ ನೀರನ್ನು ಸುಮಾರು 33 ಡಿಗ್ರಿಯಷ್ಟು ಬಿಸಿ ಮಾಡಬಹುದು. ವೇಗ ಇಮ್ಮಡಿಯಾದರೆ ಶಾಖ ನಾಲ್ಕು ಪಟ್ಟು. ಒಮ್ಮೆ ಬ್ರೇಕ್ ಹೊಡೆದರೇ ಇಷ್ಟು!

ಈ ಕೆಲಸ ಮಾಡುವುದು ಎರಡು ಬಗೆಯ ಬ್ರೇಕ್. ಗಾಲಿಯೊಡನೆ ತಿರುಗುವ ತಟ್ಟೆಯನ್ನು ಎರಡು ಪ್ಯಾಡ್‌ಗಳು ಎರಡೂ ಕಡೆಯಿಂದ ಅದುಮಿದರೆ ಅದು ಡಿಸ್ಕ್ ಬ್ರೇಕ್. ತಿರುಗುವ ಡಬ್ಬಿಯಂಥ ಡ್ರಮ್ಮಿನ ಒಳಮೈಗೆ ‘ಶೂ’ಗಳು ಒತ್ತಿದರೆ ಅದು ಡ್ರಮ್ ಬ್ರೇಕ್. ಅಂಬಾಸಿಡರ್ ಕಾರಿಗೆ ಬಹುಕಾಲ ನಾಲ್ಕೂ ಕಡೆ ಡ್ರಮ್ಮೇ ಇತ್ತು. ಇಂದಿನ ಅನೇಕ ಸಣ್ಣ ಕಾರುಗಳಲ್ಲಿ ಮುಂದೆ ಡಿಸ್ಕ್, ಹಿಂದೆ ಡ್ರಮ್.

ಚೀರುವುದೇಕೆ?

ತರಗತಿಯಲ್ಲಿ ಸೀಮೆಸುಣ್ಣ ಕರಿಹಲಗೆಯ ಮೇಲೆ ‘ಕೀಂಯ್’ ಎನ್ನುವುದನ್ನು ಕೇಳಿದ್ದೀರಲ್ಲ? ಸೀಮೆಸುಣ್ಣ ಹಲಗೆಗೆ ಒಂದು ಕ್ಷಣ ಅಂಟುತ್ತದೆ, ಮರುಕ್ಷಣ ಜಾರುತ್ತದೆ, ಮತ್ತೆ ಅಂಟುತ್ತದೆ. ಸೆಕೆಂಡಿಗೆ ಸಾವಿರಾರು ಸಲ ಹೀಗಾದಾಗ ಅದು ನಡುಗಿ ಕಿರುಚುತ್ತದೆ. ಪಿಟೀಲಿನ ಕಮಾನು ತಂತಿಯನ್ನು ನುಡಿಸುವುದೂ ಹೀಗೆಯೇ. ಬ್ರೇಕ್ ಪ್ಯಾಡು ಕಮಾನಾದರೆ ಡಿಸ್ಕು ಜಾಗಟೆ. ನಡುಕಕ್ಕೆ ಸಿಕ್ಕ ಡಿಸ್ಕ್ ಜಾಗಟೆಯಂತೆ ದನಿ ಕೊಡುತ್ತದೆ.

ಪರಿಹಾರವೂ ಇಲ್ಲಿಯೇ ಇದೆ. ಮೇಷ್ಟ್ರು ಸೀಮೆಸುಣ್ಣವನ್ನು ಮುರಿದು, ಓರೆಯಾಗಿ ಹಿಡಿದರೆ ಸದ್ದು ಅಡಗುತ್ತದೆ. ಪ್ಯಾಡಿನ ಅಂಚನ್ನು ಓರೆಯಾಗಿ ಸವರಿರುವುದು ಇದೇ ಕಾರಣಕ್ಕೆ. ಜಾಗಟೆಗೆ ಬೆರಳು ತಾಗಿಸಿದರೆ ದನಿ ನಿಲ್ಲುತ್ತದೆ. ಪ್ಯಾಡಿನ ಬೆನ್ನಿಗೆ ಕೂರಿಸುವ ‘ಶಿಮ್’ ಎಂಬ ತೆಳು ತಗಡು ಆ ಬೆರಳಿನ ಕೆಲಸ ಮಾಡುತ್ತದೆ. ಹಳೆಯ ಶಿಮ್ ಬಿಸಾಕಿ ಹಾಗೆಯೇ ಪ್ಯಾಡ್ ಕೂರಿಸಿದರೆ ಹೊಸ ಪ್ಯಾಡೂ ಚೀರಬಹುದು.

ಸದ್ದಿನ ತೊಂದರೆ ಬ್ರೇಕಿನಷ್ಟೇ ಹಳೆಯದು. 1888ರಲ್ಲಿ ಜರ್ಮನಿಯ ಬರ್ತಾ ಬೆಂಜ್ ಗಂಡ ತಯಾರಿಸಿದ ಮೋಟಾರು ಗಾಡಿಯಲ್ಲಿ ಮಕ್ಕಳೊಡನೆ ಸುಮಾರು ನೂರು ಕಿ.ಮೀ. ಹೋದಾಗ, ದಾರಿಯಲ್ಲಿ ಸವೆದ ಮರದ ಬ್ರೇಕಿಗೆ ಚಮ್ಮಾರನಿಂದ ತೊಗಲು ಹೊಡೆಸಿದ್ದಳು. 1902ರಲ್ಲಿ ಇಂಗ್ಲೆಂಡಿನ ಲ್ಯಾಂಚೆಸ್ಟರ್ ಡಿಸ್ಕ್ ಬ್ರೇಕಿಗೆ ಪೇಟೆಂಟ್ ಪಡೆದ. ಲೋಹಕ್ಕೆ ಲೋಹ ಉಜ್ಜಿ ಅದು ಕರ್ಕಶವಾಗಿ ಚೀರುತ್ತಿತ್ತು. ಮುಂದೆ ಹರ್ಬರ್ಟ್ ಫ್ರೂಡ್ ಕಲ್ನಾರಿನ ಲೈನಿಂಗ್ ತಂದ. ಸದ್ದೇನೋ ತಗ್ಗಿತು. ಆದರೆ ಕಲ್ನಾರಿನ ಧೂಳು ಕ್ಯಾನ್ಸರ್ ತರುತ್ತದೆಂಬುದು ಆಮೇಲೆ ತಿಳಿಯಿತು.

ಸದ್ದು ಕೇಳಿ ರೋಗ ತಿಳಿಯಿರಿ

ಬೆಳಗಿನ ಮೊದಲ ಒಂದೆರಡು ಬ್ರೇಕಿಗೆ ಮಾತ್ರ ಸದ್ದು ಬಂದು ನಿಂತರೆ ಭಯವಿಲ್ಲ. ಮಳೆ, ಮಂಜು ಅಥವಾ ಕಾರು ತೊಳೆದ ನೀರಿನಿಂದ ಡಿಸ್ಕಿನ ಮೇಲೆ ತೆಳುವಾದ ತುಕ್ಕು ಹಿಡಿದಿರುತ್ತದೆ. ಉಜ್ಜಿದರೆ ಹೋಗುತ್ತದೆ.

ಸಣ್ಣ ದನಿಯ ಕೀರಲು ಸದ್ದು ದಿನವೂ ಇದ್ದರೆ ಪ್ಯಾಡ್ ಸವೆದಿರಬಹುದು. ಅನೇಕ ಪ್ಯಾಡ್‌ಗಳಲ್ಲಿ ಒಂದು ಉಕ್ಕಿನ ನಾಲಿಗೆ ಇರುತ್ತದೆ. ಪ್ಯಾಡ್ ಎರಡು ಮೂರು ಮಿ.ಮೀ.ಗೆ ಸವೆದಾಗ ಅದು ಡಿಸ್ಕಿಗೆ ತಾಗಿ ಬೇಕೆಂತಲೇ ಕಿರುಚುತ್ತದೆ. ಅದು ರೋಗವಲ್ಲ, ಎಚ್ಚರಿಕೆಯ ಗಂಟೆ.

‘ಗರಗರ’ ಎಂದು ಅರೆದಂಥ ಸದ್ದಾದರೆ ಪ್ಯಾಡ್ ಪೂರ್ತಿ ಮುಗಿದು ಲೋಹಕ್ಕೆ ಲೋಹ ತಾಗುತ್ತಿರಬಹುದು. ಕಾರನ್ನು ಅಲ್ಲಿಯೇ ನಿಲ್ಲಿಸಿ, ಮೆಕ್ಯಾನಿಕ್‌ನನ್ನು ಕರೆಸಿ.

ಬ್ರೇಕ್ ಒತ್ತದಿದ್ದರೂ ಗಾಲಿ ತಿರುಗಿದಂತೆಲ್ಲ ಸದ್ದು ಬಂದರೆ ಡಿಸ್ಕಿಗೂ ಅದರ ಹಿಂದಿನ ತಗಡಿಗೂ ನಡುವೆ ಸಣ್ಣ ಕಲ್ಲು ಸಿಕ್ಕಿರಬಹುದು. ಸುಟ್ಟ ವಾಸನೆ, ಒಂದೇ ಗಾಲಿ ಕೆಂಡದಂತೆ ಬಿಸಿ, ಕಾರು ಒಂದು ಪಕ್ಕಕ್ಕೆ ಎಳೆಯುವುದು, ಇವು ಸೇರಿದರೆ ಬ್ರೇಕ್ ಹಿಡಿದುಕೊಂಡಿದೆ ಎಂದೇ ಅರ್ಥ. ಕೈ ಇಟ್ಟು ನೋಡಲು ಹೋಗಬೇಡಿ, ಸುಡುತ್ತದೆ.

ಬಿಚ್ಚುವುದು, ಸರಿಪಡಿಸುವುದು

ಕಾರನ್ನು ಸಮತಟ್ಟಾದ ಗಟ್ಟಿ ನೆಲದ ಮೇಲೆ ನಿಲ್ಲಿಸಿ, ಎತ್ತದ ಗಾಲಿಗಳಿಗೆ ಕಲ್ಲು ಕೊಡಿ. ಎರೆಹೊಲದ ಬದುವಿನಲ್ಲಿ ಜಾಕ್ ಹಾಕಬೇಡಿ, ಕುಸಿಯುತ್ತದೆ. ಗಾಲಿಯ ನಟ್ಟುಗಳನ್ನು ಮೊದಲು ಸಡಿಲಿಸಿ, ಆಮೇಲೆ ಎತ್ತಿ. ಬರಿಯ ಜಾಕನ್ನು ನಂಬದೆ ಸ್ಟ್ಯಾಂಡ್ ಕೊಡಿ.

ಧೂಳನ್ನು ಬಾಯಿಂದಾಗಲಿ, ಗಾಳಿಯ ಪೈಪಿನಿಂದಾಗಲಿ ಊದಬೇಡಿ. ಹಳೆಯ ಲೈನಿಂಗ್‌ಗಳಲ್ಲಿ ಕಲ್ನಾರು ಇರಬಹುದು. ಮೂಗಿಗೆ ಮಾಸ್ಕ್ ಕಟ್ಟಿ, ಬ್ರೇಕ್ ಕ್ಲೀನರ್‌ನಿಂದ ಒದ್ದೆ ಮಾಡಿ ಒರೆಸಿ. ಮಕ್ಕಳು ದೂರ ನಿಂತು ನೋಡಲಿ.

ಪ್ಯಾಡ್ ಸುಮಾರು ಮೂರು ಮಿ.ಮೀ.ಗಿಂತ ತೆಳುವಾಗಿದ್ದರೆ ಬದಲಿಸಿ, ಎಡಬಲ ಎರಡೂ ಗಾಲಿಗೆ ಒಟ್ಟಿಗೆ. ಒಂದೇ ಕಡೆ ಬದಲಿಸಿದರೆ ಕಾರು ಎಳೆಯುತ್ತದೆ. ಕನ್ನಡಿಯಂತೆ ಹೊಳೆಯುವ ಪ್ಯಾಡನ್ನು ಉಪ್ಪು ಕಾಗದದಿಂದ ಹಗುರಾಗಿ ಒದ್ದೆಯಾಗಿಯೇ ಉಜ್ಜಬಹುದು. ಎಣ್ಣೆ ಕುಡಿದ ಪ್ಯಾಡ್ ಮಾತ್ರ ಯಾವ ಉಪಾಯಕ್ಕೂ ಬಗ್ಗದು, ಎಸೆಯುವುದೊಂದೇ ದಾರಿ. ಡಿಸ್ಕಿನಲ್ಲಿ ಆಳವಾದ ಗೀರುಗಳಿದ್ದರೆ ಅದರ ದಪ್ಪ ಅಳೆಸಿ. ಕನಿಷ್ಠ ದಪ್ಪ ಎಷ್ಟಿರಬೇಕೆಂದು ಸಾಮಾನ್ಯವಾಗಿ ಡಿಸ್ಕಿನ ಮೇಲೆಯೇ ಕೊರೆದಿರುತ್ತದೆ.

ಕ್ಯಾಲಿಪರ್ ಸರಿದಾಡುವ ಪಿನ್ನುಗಳು ಒಣಗಿ ಬಿಗಿದಿದ್ದರೆ ಒರೆಸಿ, ಬ್ರೇಕಿಗೆಂದೇ ಸಿಗುವ ಗ್ರೀಸನ್ನು ತೆಳುವಾಗಿ ಹಚ್ಚಿ. ಮಾವನ ‘ಎಣ್ಣಿ’ಗೆ ಇಲ್ಲಿಷ್ಟೇ ಜಾಗ: ಪಿನ್ನಿಗೆ ಮತ್ತು ಪ್ಯಾಡಿನ ಬೆನ್ನಿಗೆ. ಉಜ್ಜುವ ಮುಖಕ್ಕೆ ಒಂದು ಹನಿಯೂ ಕೂಡದು. ಬಿಚ್ಚಿದ ಕ್ಯಾಲಿಪರನ್ನು ಅದರ ಪೈಪಿನಿಂದ ಜೋತುಬಿಡದೆ ತಂತಿಯಿಂದ ಕಟ್ಟಿ.

ಎಲ್ಲ ಜೋಡಿಸಿದ ಮೇಲೆ, ಕಾರು ಹೊರಡುವ ಮೊದಲೇ ಪೆಡಲನ್ನು ಗಟ್ಟಿಯಾಗುವವರೆಗೆ ಹಲವು ಸಲ ಒತ್ತಿ. ಇದನ್ನು ಮರೆತರೆ ಮೊದಲ ಒತ್ತಿಗೆ ಪೆಡಲ್ ನೆಲಕ್ಕೆ ಇಳಿಯುತ್ತದೆ, ಕಾರು ನಿಲ್ಲುವುದಿಲ್ಲ. ಬ್ರೇಕ್ ಆಯಿಲ್ ಮಟ್ಟವನ್ನೂ ನೋಡಿ. ಹೊಸ ಪ್ಯಾಡ್ ಪಳಗಲು ಜನರಿಲ್ಲದ ರಸ್ತೆಯಲ್ಲಿ ವೇಗವನ್ನು 50ರಿಂದ 20 ಕಿ.ಮೀ.ಗೆ ಮೆಲ್ಲಗೆ ಇಳಿಸುತ್ತ, ನಡುವೆ ತಣಿಯಲು ಬಿಡುತ್ತ ಹತ್ತಾರು ಸಲ ಬ್ರೇಕ್ ಹಾಕಿ. ಈ ಕೆಲಸ ಮಾಡಿ ರೂಢಿಯಿಲ್ಲದವರು ಸದ್ದಿನ ಬಗೆಯನ್ನಷ್ಟೇ ತಿಳಿದು ಮೆಕ್ಯಾನಿಕ್‌ಗೆ ವಿವರಿಸಿದರೂ ಅರ್ಧ ಕೆಲಸ ಆದಂತೆಯೇ.

ಮಕ್ಕಳ ಕಿವಿಯನ್ನು ನಂಬಿ

ಮಾವನ ಕಾರಿನ ಗಾಲಿ ಬಿಚ್ಚಿದಾಗ ಒಂದು ಪ್ಯಾಡ್ ಬೆರಳುಗುರಿನಷ್ಟು ತೆಳುವಾಗಿತ್ತು. ಆ ಉಕ್ಕಿನ ನಾಲಿಗೆ ಎಷ್ಟು ದಿನದಿಂದ ಕೂಗುತ್ತಿತ್ತೋ! “ತಿಂಗಳಾತು ಅಪ್ಪಾ, ನಾ ಹೇಳಾಕತ್ತಿದ್ದೆ” ಎಂದ ಮಗ. ಮಾವ ಮಾತಾಡಲಿಲ್ಲ. ಆ ತಿಂಗಳೆಲ್ಲ ಅದೇ ಕಾರಿನಲ್ಲಿ ಅವನನ್ನು ಶಾಲೆಗೆ ಬಿಟ್ಟು ಬರುತ್ತಿದ್ದವರು ಅವರೇ.

ಶಾಲೆಯ ವ್ಯಾನಿನಲ್ಲಿ, ಆಟೋದಲ್ಲಿ ದಿನವೂ ಓಡಾಡುವ ಮಕ್ಕಳು ಇಂಥ ಸದ್ದನ್ನು ಎಲ್ಲರಿಗಿಂತ ಮೊದಲು ಕೇಳುತ್ತಾರೆ. ಚಾಲಕನ ಕಿವಿ ಅದಕ್ಕೆ ಒಗ್ಗಿಹೋಗಿರುತ್ತದೆ. ಮಗು ಮನೆಗೆ ಬಂದು “ವ್ಯಾನ್ ಚೀರತೈತಿ” ಎಂದರೆ ನಕ್ಕು ಬಿಡಬೇಡಿ. ಯಾವಾಗ, ಎಂಥ ಸದ್ದು ಎಂದು ಕೇಳಿ, ಮರುದಿನವೇ ಚಾಲಕನಿಗೆ ತಿಳಿಸಿ. ಚೀರುವ ಬ್ರೇಕ್ ಇನ್ನೂ ಮಾತಾಡುತ್ತಿದೆ. ಎಣ್ಣೆ ಬಿಟ್ಟು ಅದರ ಬಾಯಿ ಮುಚ್ಚಿಸುವುದಲ್ಲ, ಅದು ಹೇಳುವುದನ್ನು ಕೇಳುವುದು ಜಾಣತನ.