ಸೂಪರ್‌ಚಾರ್ಜರ್ ಇಂಜಿನ್‌ಗಳ ಎಕ್ಸಾಸ್ಟ್ ಹೆಡರ್

ಎಕ್ಸಾಸ್ಟ್ ಹೆಡರ್ ಎಂಬುದು ಇಂಜಿನ್ನಿನ ಪ್ರತಿಯೊಂದು ಸಿಲಿಂಡರಿನಿಂದ ಹೊರಬರುವ ಸುಟ್ಟ ಅನಿಲವನ್ನು ಪ್ರತ್ಯೇಕ ಕೊಳವೆಗಳಲ್ಲಿ ಸಾಗಿಸಿ, ಮುಂದೆ ಒಂದೇ ಕೊಳವೆಗೆ ಸೇರಿಸುವ ಭಾಗವಾಗಿದೆ. ಸಾಮಾನ್ಯ ಕಾರುಗಳಲ್ಲಿ ಈ ಕೆಲಸವನ್ನು ಹೆಚ್ಚಾಗಿ ಎರಕದ ಕಬ್ಬಿಣದ ಗಿಡ್ಡ ಮ್ಯಾನಿಫೋಲ್ಡ್ ಮಾಡುತ್ತದೆ. ಅದು ಅಗ್ಗ ಮತ್ತು ಬಾಳಿಕೆಯುಳ್ಳದ್ದು. ಆದರೆ ಅದರ ದಾರಿ ಇಕ್ಕಟ್ಟು. ಸೂಪರ್‌ಚಾರ್ಜರ್ ಇರುವ ಕಾರಿಗೆ ಹೆಡರ್ ಆರಿಸುವ ಲೆಕ್ಕಾಚಾರವು ಸಾಧಾರಣ ಇಂಜಿನ್ನಿನ ಲೆಕ್ಕಾಚಾರಕ್ಕಿಂತ ಭಿನ್ನವಾಗಿದ್ದು, ಈ ವ್ಯತ್ಯಾಸವನ್ನು ಗಮನಿಸದೆ ಮಾಡಿದ ಆಯ್ಕೆ ಇಂಜಿನ್ನಿಗೆ ಹಾನಿಯನ್ನೂ ತರಬಲ್ಲದು.

ಸಾಧಾರಣ ಇಂಜಿನ್ನಿಗಿಂತ ಭಿನ್ನತೆ

ಸೂಪರ್‌ಚಾರ್ಜರ್ ಇಲ್ಲದ ಇಂಜಿನ್ನು ಗಾಳಿಯನ್ನು ತಾನೇ ಹೀರಿಕೊಳ್ಳಬೇಕು. ಅಲ್ಲಿ ಕೊಳವೆಯ ಉದ್ದವನ್ನು ಎಚ್ಚರಿಕೆಯಿಂದ ಗೊತ್ತುಪಡಿಸಿ, ಹೊರಹೋಗುವ ಅನಿಲದ ಒತ್ತಡದ ಅಲೆಯು ಸರಿಯಾದ ಕ್ಷಣದಲ್ಲಿ ಹಿಂದಿರುಗಿ ಸಿಲಿಂಡರನ್ನು ಬರಿದು ಮಾಡುವಂತೆ ನೋಡಿಕೊಳ್ಳುತ್ತಾರೆ. ಸೂಪರ್‌ಚಾರ್ಜರ್ ಗಾಳಿಯನ್ನು ಬಲವಂತವಾಗಿ ತುಂಬುವುದರಿಂದ ಈ ಸೂಕ್ಷ್ಮ ಹೊಂದಾಣಿಕೆಯ ಲಾಭ ಕಡಿಮೆಯಾಗುತ್ತದೆ. ಬದಲಿಗೆ, ಹೆಚ್ಚಿದ ಅನಿಲಕ್ಕೆ ಸಾಕಷ್ಟು ಅಗಲದ ದಾರಿ ಇರುವುದು ಮುಖ್ಯವಾಗುತ್ತದೆ. ಟರ್ಬೋಚಾರ್ಜರಿನ ಸಂಗತಿ ಬೇರೆ. ಅದು ಸುಟ್ಟ ಅನಿಲದ ಶಾಖ ಮತ್ತು ಒತ್ತಡದಿಂದಲೇ ತಿರುಗುವುದರಿಂದ ಅದರ ಹೆಡರಿಗೂ ಇದಕ್ಕೂ ಹೋಲಿಕೆ ಸಲ್ಲದು. ಸೂಪರ್‌ಚಾರ್ಜರ್ ಬೆಲ್ಟಿನ ಮೂಲಕ ಕ್ರ್ಯಾಂಕ್‌ಶಾಫ್ಟಿನಿಂದ ತಿರುಗುತ್ತದೆ. ಅನಿಲವು ಎಷ್ಟು ಸಲೀಸಾಗಿ ಹೊರಬಿದ್ದರೆ ಅಷ್ಟು ಒಳ್ಳೆಯದು.

ಬೂಸ್ಟ್ ಇಳಿಕೆ ಮತ್ತು ಅದರ ಅರ್ಥ

ಹೆಡರ್ ಅಳವಡಿಸಿದ ಬಳಿಕ ಬೂಸ್ಟ್ ಮಾಪಕದ ಮುಳ್ಳು ಮೊದಲಿಗಿಂತ ಕೆಳಗೆ ನಿಲ್ಲುವುದನ್ನು ಕಂಡು ಅನೇಕರು ಗಾಬರಿಯಾಗುತ್ತಾರೆ. ವಾಸ್ತವದಲ್ಲಿ ಇದು ನಿರೀಕ್ಷಿತವೇ. 2009ರ ಕ್ಯಾಡಿಲಾಕ್ ಸಿಟಿಎಸ್-ವಿ ಕಾರಿನ ಎಲ್‌ಎಸ್‌ಎ ಇಂಜಿನ್ನನ್ನು ಉದಾಹರಣೆಯಾಗಿ ನೋಡಬಹುದು. 6.2 ಲೀಟರಿನ ಈ ವಿ8 ಇಂಜಿನ್ನು 556 ಅಶ್ವಶಕ್ತಿ ನೀಡುತ್ತದೆ. ಅದರ ಮೇಲಿರುವ ಈಟನ್ ಸೂಪರ್‌ಚಾರ್ಜರ್ ಒಂದು ಸುತ್ತಿಗೆ 1.9 ಲೀಟರ್ ಗಾಳಿಯನ್ನು ಸಾಗಿಸುತ್ತದೆ. ಇಂಜಿನ್ನಿನ ವೇಗ ಒಂದೇ ಇದ್ದರೆ ಸಾಗಿಸುವ ಗಾಳಿಯ ಗಾತ್ರವೂ ಹೆಚ್ಚುಕಡಿಮೆ ಒಂದೇ. ಇಂಜಿನ್ನು ಆ ಗಾಳಿಯನ್ನು ಅಷ್ಟೇ ಬೇಗ ನುಂಗಲಾರದೆ ಇದ್ದಾಗ ಒತ್ತಡ ಏರುತ್ತದೆ. ಅಂದರೆ ಮಾಪಕ ತೋರಿಸುವುದು ಗಾಳಿಯ ಪ್ರಮಾಣವನ್ನಲ್ಲ, ಗಾಳಿಗೆ ಎದುರಾದ ತಡೆಯನ್ನು. ಹೊರದಾರಿ ಸಲೀಸಾದರೆ ಸಿಲಿಂಡರಿನಲ್ಲಿ ಉಳಿಯುವ ಸುಟ್ಟ ಅನಿಲ ಕಡಿಮೆಯಾಗಿ ಹೊಸ ಗಾಳಿಗೆ ಜಾಗ ಸಿಗುತ್ತದೆ. ತಡೆ ಇಳಿದು ಬೂಸ್ಟ್ ತಗ್ಗುತ್ತದೆ. ಶಕ್ತಿ ಮಾತ್ರ ಏರುತ್ತದೆ. ಸೂಪರ್‌ಚಾರ್ಜರಿನ ಹೊರೆ ಇಳಿಯುವುದರಿಂದ ಗಾಳಿ ಅಷ್ಟಾಗಿ ಕಾಯುವುದೂ ಇಲ್ಲ.

ಅಪಾಯ ಇರುವುದು ಇದರ ಮುಂದಿನ ಹೆಜ್ಜೆಯಲ್ಲಿ. ಕಳೆದುಹೋದ ಬೂಸ್ಟನ್ನು ಮರಳಿ ಪಡೆಯಲೆಂದು ಸೂಪರ್‌ಚಾರ್ಜರಿಗೆ ಚಿಕ್ಕ ಪುಲ್ಲಿ ಹಾಕಿದರೆ ಅದು ಹೆಚ್ಚು ವೇಗವಾಗಿ ತಿರುಗಿ ಗಾಳಿ ಬಿಸಿಯಾಗುತ್ತದೆ. ಇಂಧನ ಮತ್ತು ಕಿಡಿಯ ಸಮಯವನ್ನು ಮರುಹೊಂದಿಸದಿದ್ದರೆ ಇಂಧನ ಅಕಾಲದಲ್ಲಿ ಸಿಡಿದು ಪಿಸ್ಟನ್ ಒಡೆಯಬಹುದು. ಮಾಪಕದ ಅಂಕಿಯನ್ನು ಬೆನ್ನಟ್ಟುವುದು ಹೀಗೆ ದುಬಾರಿಯಾಗುತ್ತದೆ.

ಕೊಳವೆಯ ವ್ಯಾಸ ಮತ್ತು ಉದ್ದ

ಈ ಕ್ಷೇತ್ರದಲ್ಲಿ ಅಳತೆಗಳನ್ನು ಇಂದಿಗೂ ಇಂಚಿನಲ್ಲಿಯೇ ಹೇಳುವುದು ರೂಢಿ. ದೊಡ್ಡ ವಿ8 ಇಂಜಿನ್ನುಗಳಿಗೆ ಒಂದೂಮುಕ್ಕಾಲು ಇಂಚು ಹಾಗೂ 1.875 ಇಂಚು ವ್ಯಾಸದ ಕೊಳವೆಗಳು ಬಳಕೆಯಲ್ಲಿವೆ. ವ್ಯತ್ಯಾಸ ಮೂರು ಮಿಲಿಮೀಟರ್ ಮಾತ್ರ ಎನಿಸಿದರೂ, 1.65 ಮಿ.ಮೀ. ದಪ್ಪದ ತಗಡಿನಲ್ಲಿ ಒಳಗಿನ ದಾರಿ ಶೇ. 16ರಷ್ಟು ಅಗಲವಾಗುತ್ತದೆ. ಸಾಧಾರಣ ಇಂಜಿನ್ನಿಗೆ ಅತಿ ಅಗಲದ ಕೊಳವೆ ಹಾಕಿದರೆ ಅನಿಲದ ವೇಗ ಕುಂದಿ, ಕಡಿಮೆ ವೇಗದಲ್ಲಿ ಎಳೆತ ಸಾಲದಾಗುತ್ತದೆ. ಸೂಪರ್‌ಚಾರ್ಜರ್ ಇದ್ದಲ್ಲಿ ಈ ನಷ್ಟ ಅಷ್ಟಾಗಿ ಕಾಣದ ಕಾರಣ ಅನುಮಾನವಿದ್ದಾಗ ದೊಡ್ಡದನ್ನು ಆರಿಸುವವರೇ ಹೆಚ್ಚು.

ಉದ್ದಕ್ಕೆ ಬೆಲೆಯೇ ಇಲ್ಲವೆಂದಲ್ಲ. ಎಲ್‌ಎಸ್ ಸರಣಿಯ ಇಂಜಿನ್ನುಗಳಲ್ಲಿ ಸಿಲಿಂಡರುಗಳು 1-8-7-2-6-5-4-3 ಎಂಬ ಕ್ರಮದಲ್ಲಿ ಉರಿಯುತ್ತವೆ. ಇವುಗಳಲ್ಲಿ 2 ಮತ್ತು 6 ಒಂದೇ ಬದಿಯಲ್ಲಿದ್ದು, ಕ್ರ್ಯಾಂಕ್‌ಶಾಫ್ಟ್ ಕೇವಲ 90 ಡಿಗ್ರಿ ತಿರುಗುವಷ್ಟರಲ್ಲಿ ಒಂದರ ಹಿಂದೆ ಒಂದು ಉರಿಯುತ್ತವೆ. ಇನ್ನೊಂದು ಬದಿಯಲ್ಲಿ 3 ಮತ್ತು 1ರದ್ದೂ ಇದೇ ಕಥೆ. ಗಿಡ್ಡ ಮ್ಯಾನಿಫೋಲ್ಡಿನಲ್ಲಿ ಒಂದರ ಅನಿಲ ಮತ್ತೊಂದರ ದಾರಿಗೆ ಅಡ್ಡ ಬರುತ್ತದೆ. ಉದ್ದ ಕೊಳವೆಯ ಹೆಡರುಗಳು ಈ ಜೋಡಿಗಳನ್ನು ಬಹುದೂರದವರೆಗೆ ಬೇರೆಯಾಗಿಯೇ ಇಡುತ್ತವೆ. ಗಿಡ್ಡ ಹೆಡರುಗಳ ಅನುಕೂಲವೆಂದರೆ, ಕಾರ್ಖಾನೆಯ ಕ್ಯಾಟಲಿಟಿಕ್ ಕನ್ವರ್ಟರನ್ನು ಸಾಮಾನ್ಯವಾಗಿ ಸ್ವಸ್ಥಾನದಲ್ಲಿಯೇ ಉಳಿಸಿಕೊಳ್ಳಬಹುದು.

ಲೋಹ ಮತ್ತು ಶಾಖ

ಪೂರ್ಣ ವೇಗದಲ್ಲಿ ಸುಟ್ಟ ಅನಿಲದ ಉಷ್ಣತೆ 800 ಡಿಗ್ರಿ ಸೆಲ್ಸಿಯಸ್ ಮೀರುತ್ತದೆ. ಸಾದಾ ಉಕ್ಕು ಇದರಲ್ಲಿ ಬೇಗ ತುಕ್ಕು ಹಿಡಿಯುತ್ತದೆ. 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಸಾಮಾನ್ಯ ಆಯ್ಕೆ. ಟೈಟಾನಿಯಂ ಬೆರೆಸಿದ 321 ದರ್ಜೆಯದು ದುಬಾರಿಯಾದರೂ ಬೆಸುಗೆಯ ಬಳಿ ಬಿರುಕು ಬಿಡುವುದು ಕಡಿಮೆ. ಒಂದು ಮೀಟರ್ ಉದ್ದದ ಸ್ಟೇನ್‌ಲೆಸ್ ಕೊಳವೆ 700 ಡಿಗ್ರಿಯಷ್ಟು ಕಾದಾಗ ಒಂದು ಸೆಂಟಿಮೀಟರಿಗೂ ಹೆಚ್ಚು ಹಿಗ್ಗುವುದರಿಂದ, ದಪ್ಪ ಫ್ಲೇಂಜ್ ಹಾಗೂ ಜಾರಲು ಅವಕಾಶವಿರುವ ಕೀಲುಗಳು ಅಗತ್ಯ. ಸೆರಾಮಿಕ್ ಲೇಪನವು ಬಾನೆಟ್ಟಿನ ಕೆಳಗಿನ ಬಿಸಿಯನ್ನು ತಗ್ಗಿಸುತ್ತದೆ. ಸಾದಾ ಉಕ್ಕಿನ ಕೊಳವೆಗೆ ಶಾಖನಿರೋಧಕ ಪಟ್ಟಿ ಸುತ್ತುವುದು ಅಗ್ಗದ ಉಪಾಯವೇ ಹೌದು. ಆದರೆ ಪಟ್ಟಿಯಲ್ಲಿ ನಿಲ್ಲುವ ತೇವ ಲೋಹವನ್ನು ತಿನ್ನುತ್ತದೆ.

ಫ್ಲೇಂಜಿನ ಸೋರಿಕೆಯನ್ನು ಶಬ್ದದ ತೊಂದರೆಯೆಂದು ಮಾತ್ರ ತಿಳಿಯಬಾರದು. ಅಲ್ಲಿಂದ ಹೊರಗಿನ ಗಾಳಿ ಒಳಸೇರಿದರೆ ಆಮ್ಲಜನಕ ಸಂವೇದಕವು ಇಂಧನ ಸಾಲದೆಂದು ತಪ್ಪಾಗಿ ತಿಳಿಸುತ್ತದೆ. ಎರಡೂ ಕವಾಟಗಳು ಒಟ್ಟಿಗೆ ತೆರೆದಿರುವ ಕ್ಷಣದಲ್ಲಿ ಹೊಸ ಗಾಳಿ ನೇರವಾಗಿ ಹೆಡರಿಗೆ ತೂರಿಹೋದರೂ ಇದೇ ಭ್ರಮೆ ಉಂಟಾಗುತ್ತದೆ. ಸೂಪರ್‌ಚಾರ್ಜರಿಗೆಂದೇ ತಯಾರಿಸುವ ಕ್ಯಾಮ್‌ಶಾಫ್ಟುಗಳಲ್ಲಿ ಈ ಅವಧಿಯನ್ನು ಕಿರಿದಾಗಿಸಲು ಇದೂ ಒಂದು ಕಾರಣ.

ಕಾನೂನು

ಉದ್ದ ಕೊಳವೆಯ ಹೆಡರುಗಳಿಗಾಗಿ ಕ್ಯಾಟಲಿಟಿಕ್ ಕನ್ವರ್ಟರನ್ನು ಅನೇಕ ವೇಳೆ ಕದಲಿಸಬೇಕಾಗುತ್ತದೆ. ರಸ್ತೆಯಲ್ಲಿ ಓಡುವ ಕಾರಿನಿಂದ ಅದನ್ನು ತೆಗೆದುಹಾಕುವುದು ಅಮೆರಿಕದ ಶುದ್ಧ ವಾಯು ಕಾಯಿದೆಯಡಿ ನಿಷಿದ್ಧ. ಕ್ಯಾಲಿಫೋರ್ನಿಯಾದಲ್ಲಿ ಹೆಡರಿಗೆ ಅಲ್ಲಿನ ವಾಯು ಸಂಪನ್ಮೂಲ ಮಂಡಳಿಯ ವಿನಾಯಿತಿ ಆದೇಶದ ಸಂಖ್ಯೆ ಬೇಕು. ಭಾರತದಲ್ಲಿ 1988ರ ಮೋಟಾರು ವಾಹನ ಕಾಯಿದೆಯ 52ನೇ ಪ್ರಕರಣವು ನೋಂದಾಯಿತ ವಾಹನದಲ್ಲಿ ಮಾಡುವ ಮಾರ್ಪಾಡುಗಳನ್ನು ನಿರ್ಬಂಧಿಸುತ್ತದೆ.